ಇಂಗುಗುಂಡಿ, ನಲ್ಲಿ ಮತ್ತು ನನ್ನ ಒಂದು ಸಹಿ

ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದ ಮೂವತ್ತೈದು ವರ್ಷದಲ್ಲಿ ಎಷ್ಟು ಕಾಗದಕ್ಕೆ ಸಹಿ ಹಾಕಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ಒಂದೂ ನೆನಪಿಲ್ಲ. ಆದರೆ ನಿವೃತ್ತನಾದ ಮೇಲೆ ಇಲ್ಲಿನ ಒಂದು ಸರ್ಕಾರಿ ಶಾಲೆಯಲ್ಲಿ, ಸಮೋಸ ತಿನ್ನುತ್ತಾ, ಎಡಗೈಯಲ್ಲಿ ತಟ್ಟೆ ಹಿಡಿದುಕೊಂಡೇ ಹಾಕಿದ ಒಂದು ಸಹಿ ಮಾತ್ರ ಮರೆತು ಹೋಗ್ತಾ ಇಲ್ಲ. ಅದರ ಕತೆ ಹೇಳ್ತೀನಿ.

ನಾನು ದಿಲ್ಲಿಗೆ ಬಂದದ್ದು 1983ರಲ್ಲಿ. ಮದುವೆಯಾದ ಮೇಲೆ ಸಿಕ್ಕಿದ್ದು ಈಸ್ಟ್ ಕಿದ್ವಾಯಿ ನಗರದ ಎರಡು ಕೋಣೆಯ ಕ್ವಾರ್ಟರ್ಸು. ರಫಿ ಅಹ್ಮದ್ ಕಿದ್ವಾಯಿ ಹೆಸರಿನ ಈ ಬಡಾವಣೆಯಲ್ಲಿ ಆಗ ಎರಡಂತಸ್ತಿನ ಹಳದಿ ಮನೆಗಳು, ಮನೆ ಮುಂದೆ ಬೇವು, ನೇರಳೆ. ರಸ್ತೆ ದಾಟಿದರೆ ಐಎನ್ಎ ಮಾರ್ಕೆಟ್ಟು, ಅಲ್ಲಿ ಕರಿಬೇವು, ನುಗ್ಗೆಕಾಯಿ, ಬಾಳೆಲೆ ಎಲ್ಲಾ ಸಿಗ್ತಿತ್ತು. ಈಗಲೂ ಸಿಗುತ್ತೆ. ಆಮೇಲೆ ಬಡ್ತಿ ಸಿಕ್ಕಿ ಬೇರೆ ಕಡೆ ಹೋದೆವು, ನಿವೃತ್ತಿಯಾಯ್ತು. ಅಷ್ಟರಲ್ಲಿ ಹಳೆ ಕಿದ್ವಾಯಿ ನಗರವೇ ಇಲ್ಲವಾಯಿತು. 86 ಎಕರೆ ಜಾಗದಲ್ಲಿದ್ದ ಎರಡು ಸಾವಿರಕ್ಕೂ ಹೆಚ್ಚು ಕ್ವಾರ್ಟರ್ಸು ಕೆಡವಿ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಫ್ಲಾಟುಗಳ ಗೋಪುರಗಳು ಎದ್ದವು. ಮಗನಿಗೆ ಅದರಲ್ಲೇ ಒಂದು ಫ್ಲಾಟು ಸಿಕ್ಕಿದ್ದರಿಂದ ನಾನು, ನನ್ನಾಕೆ ತಿರುಗಿ ಅದೇ ಜಾಗಕ್ಕೆ ಬಂದ್ವಿ. ಈ ಸಲ ಒಂಬತ್ತನೇ ಮಹಡಿ. ನಮ್ಮ ನೇರಳೆ ಮರ ಎಲ್ಲಿತ್ತು ಅಂತ ನನ್ನಾಕೆ ಬಾಲ್ಕನಿಯಿಂದ ಬೆರಳು ತೋರಿಸ್ತಾಳೆ. ನನಗೆ ಗೊತ್ತಾಗೋದಿಲ್ಲ.

ಬೆಳಿಗ್ಗೆ ವಾಕಿಂಗ್ ಹೋಗುವಾಗ ಪರಿಚಯವಾದ ಮೇಷ್ಟರೊಬ್ಬರು, "ಸಾಹಬ್, ನಮ್ಮ ಶಾಲೆಯ ಕಮಿಟಿಗೆ ಒಬ್ಬ ಸಮಾಜ ಸೇವಕರು ಬೇಕು" ಅಂದ್ರು. ಸಮಾಜ ಸೇವೆ ಅಂತ ನಾನು ಮಾಡಿದ್ದು ಕರ್ನಾಟಕ ಸಂಘದ ರಾಜ್ಯೋತ್ಸವದಲ್ಲಿ ಕುರ್ಚಿ ಹಾಕಿಸಿದ್ದು ಮಾತ್ರ :) ಆದರೂ ಒಪ್ಪಿಕೊಂಡೆ.

ಈ ಕಮಿಟಿ ಅಂದ್ರೆ ಎಸ್ಎಂಸಿ, ಶಾಲಾ ನಿರ್ವಹಣಾ ಸಮಿತಿ. ನಮ್ಮ ಕಡೆ ಎಸ್‌ಡಿಎಂಸಿ ಅಂತಾರಲ್ಲ, ಅದೇ. ಕರ್ನಾಟಕದಲ್ಲಿ ಅದು 2001ರಲ್ಲೇ ಬಂದಿತ್ತು. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯಿದೆ ಜಾರಿಯಾದ ಮೇಲೆ ದೇಶಕ್ಕೆಲ್ಲಾ ಬಂತು. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆ ತಾಯಿಯರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು ಇರಬೇಕು. ದಿಲ್ಲಿಯಲ್ಲಿ 16 ಜನ, ಅದರಲ್ಲಿ 12 ಜನ ಪೋಷಕರು. ಇವರ ದೊಡ್ಡ ಕೆಲಸ ಕಾಯಿದೆಯ 22ನೇ ಕಲಮಿನಲ್ಲಿದೆ: ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸೋದು. ಮೂರು ವರ್ಷದ ಯೋಜನೆ, ಅದರೊಳಗೆ ವರ್ಷಕ್ಕೊಂದು ಮರಿ ಯೋಜನೆ. ಗಮನಿಸಿ, ಯೋಜನೆಗೆ ಒಪ್ಪಿಗೆ ಕೊಡೋದು ಅಲ್ಲ, ತಯಾರಿಸೋದು.

ನನ್ನ ಮೊದಲ ಮೀಟಿಂಗು ಬೆಳಿಗ್ಗೆ ಹನ್ನೊಂದಕ್ಕೆ. ಹನ್ನೆರಡು ಪೋಷಕರಲ್ಲಿ ಬಂದವರು ನಾಲ್ಕು. ಯೋಜನೆಯ 'ಹಸಿರು ಶಾಲೆ' ಭಾಗ ಆಗಲೇ ಟೈಪಾಗಿ ಬಂದಿತ್ತು. ಐನೂರು ಸಸಿ ನೆಡೋದು, ನೀಲಿ ಹಸಿರು ಡಬ್ಬಿ ಇಡೋದು, ಮಳೆನೀರು ಕೊಯ್ಲಿನ ಇಂಗುಗುಂಡಿ 'ಸುಸ್ಥಿತಿಯಲ್ಲಿದೆ', ಭಿತ್ತಿಚಿತ್ರ ಸ್ಪರ್ಧೆ. ಐನೂರು ಸಸಿ ಎಲ್ಲಿ ನೆಡ್ತಾರೆ, ಅಂಗಳವೆಲ್ಲಾ ಇಂಟರ್‌ಲಾಕ್ ಟೈಲ್ಸು ಹಾಕಿದೆಯಲ್ಲ ಅಂತ ನಾನೂ ಕೇಳಲಿಲ್ಲ. ಬದಲಿಗೆ ನನ್ನದೂ ಒಂದು ಅಂಶ ಸೇರಿಸಿದೆ. ಬಾಬು ಅಲ್ವಾ, ಕಾಗದ ನೋಡಿದ್ರೆ ಕೈ ಸುಮ್ಮನಿರೋದಿಲ್ಲ.

ಈ ಕಟ್ಟಡದಲ್ಲಿ ಎರಡು ಪಾಳಿ. ದಿಲ್ಲಿಯಲ್ಲಿ ಇದು ಮಾಮೂಲು. ಬೆಳಿಗ್ಗೆ ಹುಡುಗಿಯರ ಶಾಲೆ, ಹನ್ನೆರಡೂವರೆಗೆ ಮುಗಿಯುತ್ತೆ. ಒಂದು ಗಂಟೆಯಿಂದ ಹುಡುಗರ ಶಾಲೆ. ನಡುವಿನ ಅರ್ಧ ಗಂಟೆಯಲ್ಲಿ ನಲ್ಲಿಗಳಿಂದ ನೀರು ಬಹಳ ಹೋಗುತ್ತೆ ಅನ್ನೋದು ನನ್ನ ಕಣ್ಣಿಗೆ ಬಿದ್ದಿತ್ತು. "ಎರಡು ಪಾಳಿಗಳ ನಡುವೆ ಮುಖ್ಯ ವಾಲ್ವನ್ನು ಮುಚ್ಚತಕ್ಕದ್ದು, ಇದರಿಂದ ನೀರಿನ ಗಣನೀಯ ಉಳಿತಾಯವಾಗುವುದು" ಅಂತ ಬರೆಸಿದೆ. ಪ್ರಿನ್ಸಿಪಾಲ್ ಮೇಡಂ "ವಾಹ್" ಅಂದ್ರು. ಎಲ್ಲರೂ ಸಹಿ ಹಾಕಿದ್ರು. ಸಮೋಸ ಬಿಸಿ ಇತ್ತು.

ಆಮೇಲೆ ಬಂತು 2024ರ ಜೂನ್ 28ರ ಮಳೆ. ನೀವೂ ಟೀವಿಯಲ್ಲಿ ನೋಡಿರ್ತೀರಿ, ದಿಲ್ಲಿ ವಿಮಾನ ನಿಲ್ದಾಣದ ಒಂದನೇ ಟರ್ಮಿನಲ್ಲಿನ ಚಾವಣಿ ಕುಸಿದ ದಿನ. ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ 24 ಗಂಟೆಯಲ್ಲಿ 228 ಮಿಲಿಮೀಟರ್ ಮಳೆ. ಜೂನ್ ತಿಂಗಳಿಗೆಲ್ಲಾ ಅಲ್ಲಿ ಬೀಳಬೇಕಾದ್ದು ಸುಮಾರು 74 ಮಿಲಿಮೀಟರ್. ಆ ಕೇಂದ್ರ ನಮ್ಮ ಕಿದ್ವಾಯಿ ನಗರಕ್ಕೆ ತೀರಾ ಹತ್ತಿರ, ಹಾಗಾಗಿ ಅದರ ಲೆಕ್ಕ ಅಂದ್ರೆ ನಮ್ಮ ಲೆಕ್ಕವೇ.

ರಜೆ ಮುಗಿದು ಶಾಲೆ ತೆರೆದ ದಿನ ಹೋಗಿ ನೋಡಿದ್ರೆ ಅಂಗಳದ ಒಂದು ಮೂಲೆಯಲ್ಲಿ ಇನ್ನೂ ಕೆಸರು ನೀರು. 'ಸುಸ್ಥಿತಿಯಲ್ಲಿದ್ದ' ಇಂಗುಗುಂಡಿಯ ಮುಚ್ಚಳ ತೆಗೆಸಿದೆ. ಒಳಗೆ ಒಣ ಮಣ್ಣು, ಎರಡು ಚಿಪ್ಸ್ ಪೊಟ್ಟಣ. ಅಷ್ಟು ಮಳೆ ಬಿದ್ದಿದೆ, ಗುಂಡಿ ಒಣಗಿದೆ! ನಾನು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ. ಕಸ ಗುಡಿಸುವ ಹೆಂಗಸು ಪೊರಕೆ ಊರಿಕೊಂಡು ಪಕ್ಕಕ್ಕೆ ಬಂದಳು.

"ಇದಕ್ಕೆ ನೀರು ಹೋಗೋದೇ ಇಲ್ಲ ಅಂಕಲ್‌ಜೀ."

"ಯಾಕೆ ದೀದಿ?"

"ಟೈಲ್ಸ್ ಹಾಕಿದಾಗ ಈ ಕಡೆ ಎತ್ತರ ಮಾಡಿಬಿಟ್ರು. ನೀರೆಲ್ಲಾ ಗೇಟಿನ ಕಡೆ ಓಡುತ್ತೆ. ಆರು ವರ್ಷ ಆಯ್ತು. ಪ್ರತಿ ಮಳೆಗೂ ನಾನೇ ತಳ್ಳೋದು."

"ಯಾರಿಗಾದ್ರೂ ಹೇಳಿದ್ಯಾ?"

"ಯಾರು ಕೇಳಿದ್ರು?"

ಅವಳು ಅದನ್ನ ಕೋಪದಿಂದ ಹೇಳಲಿಲ್ಲ. ಹಾಗೇ ಹೇಳಿ ಗುಡಿಸೋಕೆ ಹೋದಳು. ಆರು ವರ್ಷದಿಂದ ನೀರು ಯಾವ ಕಡೆ ಓಡುತ್ತೆ ಅಂತ ಗೊತ್ತಿದ್ದ ಒಬ್ಬಳೇ ಒಬ್ಬ ಮನುಷ್ಯಳು ಆ ಶಾಲೆಯ ಯಾವ ಮೀಟಿಂಗಿನಲ್ಲೂ ಕೂತವಳಲ್ಲ. ನಾವು ಹದಿನಾರು ಜನ ಕಾಗದದ ಮೇಲೆ ಗುಂಡಿಯನ್ನ ಸುಸ್ಥಿತಿಯಲ್ಲಿಟ್ಟಿದ್ವಿ.

ಎಂಟನೇ ತರಗತಿಯ ಹುಡುಗಿಯರ ಕೈಲಿ ಟೇಪು ಹಿಡಿಸಿ ಕಟ್ಟಡದ ಅಳತೆ ತೆಗೆಸಿದ್ವಿ. ತಾರಸಿ ಹತ್ತಿರ ಹತ್ತಿರ 1,200 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಲೆಕ್ಕ ಸುಲಭ. ಆ ಒಂದು ದಿನ ತಾರಸಿಯ ಮೇಲೆ ಬಿದ್ದದ್ದು 2,73,600 ಲೀಟರ್. ಹತ್ತು ಸಾವಿರ ಲೀಟರಿನ 27 ಟ್ಯಾಂಕರ್! ಒಬ್ಬ ಹುಡುಗಿ "ನಮ್ಮ ಗಲ್ಲಿಗೆ ವಾರಕ್ಕೆ ಎಷ್ಟು ಟ್ಯಾಂಕರ್ ಬರುತ್ತೆ ಗೊತ್ತಾ ಸರ್?" ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ಆ ಪ್ರಶ್ನೆಯನ್ನ ನಾನು ಅಲ್ಲೇ ಹಿಡೀಬೇಕಿತ್ತು, ಬಿಟ್ಟುಬಿಟ್ಟೆ.

ಅವತ್ತು ರಾತ್ರಿ ಊರಿಗೆ ಫೋನ್ ಮಾಡಿದೆ. ನಮ್ಮೂರು ಚಿಕ್ಕನಾಯಕನಹಳ್ಳಿ ತಾಲ್ಲೂಕು. ಅಣ್ಣ ಅಲ್ಲೇ ತೋಟ ನೋಡಿಕೊಂಡಿದ್ದಾನೆ, ಹಿಂದೆ ಶಾಲೆಯ ಎಸ್‌ಡಿಎಂಸಿಯಲ್ಲಿದ್ದವನು. ಸುವರ್ಣ ಕರ್ನಾಟಕದ ವರ್ಷ, 2006ರ ಸುಮಾರಿಗೆ, 'ಸುವರ್ಣ ಜಲ' ಅಂತ ಯೋಜನೆ ಬಂತು ನೆನಪಿದೆಯಾ? ಹಳ್ಳಿಯ ಇಪ್ಪತ್ತು ಸಾವಿರಕ್ಕೂ ಹೆಚ್ಚು ಶಾಲೆಗಳಲ್ಲಿ ಚಾವಣಿಯ ಮಳೆನೀರು ಹಿಡಿಯೋ ತೊಟ್ಟಿ ಕಟ್ಟೋದು. ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವ ನಮ್ಮಂಥ ಕಡೆಗೆ ಒಳ್ಳೆಯ ಯೋಚನೆಯೇ. ಆದರೆ ಎಷ್ಟೋ ಊರಲ್ಲಿ ತೊಟ್ಟಿಗಳು ಬಳಕೆಯಾಗದೆ ಪಾಳು ಬಿದ್ದವು. ನಮ್ಮೂರಿನದು ಮಾತ್ರ ಬಹಳ ವರ್ಷ ನಡೀತು. ಅದು ಹೇಗೆ ಅಂತ ಕೇಳಿದೆ.

"ಅಡುಗೆ ಪುಟ್ಟಮ್ಮಕ್ಕನಿಂದ ಕಣೋ" ಅಂದ. (ಹೆಸರು ಬದಲಿಸಿದ್ದೀನಿ.) "ನಾವು ಗಂಡಸರೆಲ್ಲಾ ಉದ್ಘಾಟನೆಗೆ ಹಾರ ತರೋದ್ರಲ್ಲಿದ್ವಿ. ಆಯಮ್ಮ ಒಂದು ಕೊಡ ಮಳೆನೀರಲ್ಲಿ ಬೇಳೆ ಬೇಯಿಸಿ ನೋಡ್ತು. ಬೋರ್‌ವೆಲ್ ನೀರಲ್ಲಿ ಎಷ್ಟೊತ್ತಾದ್ರೂ ಬೇಯದ ಬೇಳೆ ಅರ್ಧ ಸೌದೇಲಿ ಬೆಂತು. ಅಷ್ಟೇ. ಅವತ್ತಿಂದ ತೊಟ್ಟಿ ಬೀಗ ಆಯಮ್ಮನ ಸೊಂಟದಲ್ಲಿ. ಮೊದಲನೇ ಮಳೆ ನೀರು ಆಚೆಗ್ ಬಿಡ್ರೋ ಅಂತ ಮೇಷ್ಟ್ರನ್ನೇ ಗದರಿಸ್ತಿತ್ತು. ಯಾರಿಗೆ ಬೇಕೋ ಅವರ ಕೈಲಿ ಕೊಡ್ಬೇಕು ಕಣೋ. ನೀನು ದಿಲ್ಲೀಲಿ ಕೂತು ಇಷ್ಟು ವರ್ಷ ಏನ್ ಮಾಡ್ದೆ?"

ಅಣ್ಣನಿಗೆ ಬೈಯೋಕೆ ಒಂದು ನೆಪ ಬೇಕು ಅಷ್ಟೆ. ಇರ್ಲಿ ಬಿಡಿ.

ಮುಂದಿನ ಮೀಟಿಂಗಿನಲ್ಲಿ ನಾನು ಮೂರು ವಿಷಯ ಕೇಳಿಕೊಂಡೆ. ಒಂದು, ಮೀಟಿಂಗು ಭಾನುವಾರ ಸಂಜೆ ಆಗಲಿ. ಈ ಶಾಲೆಯ ಮಕ್ಕಳಲ್ಲಿ ಬಹಳ ಜನ ಕೋಟ್ಲಾ ಮುಬಾರಕ್‌ಪುರದ ಗಲ್ಲಿಗಳಿಂದ ಬರ್ತಾರೆ. ಅಪ್ಪಂದಿರು ಡ್ರೈವರು, ಗಾರೆ ಕೆಲಸ, ಸೆಕ್ಯೂರಿಟಿ. ಅಮ್ಮಂದಿರು ನಮ್ಮಂಥ ಫ್ಲಾಟುಗಳಲ್ಲಿ ಪಾತ್ರೆ ತಿಕ್ಕೋರು. ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಅವರು ಬರೋದು ಹೇಗೆ? ಆ ಹೊತ್ತಿಗೆ ಅವರಿರೋದು ನಮ್ಮ ಅಡುಗೆಮನೆಯಲ್ಲೇ! ಎರಡು, ಹುಡುಗರ ಪಾಳಿಯ ಸಮಿತಿಯೂ ಬರಲಿ. ಕಟ್ಟಡ ಒಂದೇ, ಗುಂಡಿ ಒಂದೇ, ಆದರೆ ಎರಡು ಸಮಿತಿ ಒಂದು ದಿನವೂ ಮುಖ ನೋಡಿಕೊಂಡಿರಲಿಲ್ಲ. ಮೂರು, ಗುಡಿಸುವ ದೀದಿ, ಮಾಲಿ, ಚೌಕಿದಾರ್ ಮೂವರೂ ಕುರ್ಚಿ ಹಾಕಿಕೊಂಡು ಕೂರಲಿ.

ಮೇಡಂ ಒಪ್ಪಿದರು. ಭಾನುವಾರ ಶಾಲೆ ತೆರೆಸೋದು ಅವರಿಗೆ ಎಷ್ಟು ಕಷ್ಟವಾಯ್ತು ಅಂತ ನನಗೆ ಗೊತ್ತು, ಅದಕ್ಕೇ ಇದನ್ನ ಬರೀಲೇಬೇಕು.

ಐವತ್ತಕ್ಕೂ ಹೆಚ್ಚು ಜನ ಬಂದ್ರು. ಒಳಗೆ ಕೂರದೆ ಶಾಲೆಯ ಸುತ್ತ ನಡೆದ್ವಿ. ದೀದಿ ಬಕೆಟ್‌ನಲ್ಲಿ ನೀರು ತಂದು ಟೈಲ್ಸಿನ ಮೇಲೆ ಸುರಿದಳು. ನೀರು ಗೇಟಿನ ಕಡೆ ಓಡಿತು. ಇಂಜಿನಿಯರಿಂಗ್ ಪಾಠ ಅರ್ಧ ನಿಮಿಷದಲ್ಲಿ ಮುಗೀತು :) ಗಾರೆ ಕೆಲಸದ ಒಬ್ಬ ತಂದೆ ಬಗ್ಗಿ ನೋಡಿ, "ಎಲ್ಲಾ ಟೈಲ್ಸ್ ಕೀಳೋದು ಬೇಡ, ಇಲ್ಲಿಂದ ಇಲ್ಲಿಗೆ ಒಂದು ಗೇಣು ಅಗಲದ ಕಾಲುವೆ ಸಾಕು" ಅಂದ. ಮೇಲಿನ ಮಹಡಿಯ ಕೋಣೆಗಳಲ್ಲಿ ಮೇ ತಿಂಗಳಲ್ಲಿ ಕೂರೋಕಾಗಲ್ಲ, ತಾರಸಿಗೆ ಸುಣ್ಣ ಬಳಿಸಿ ಅಂದ್ರು. ಸಸಿಗಳ ವಿಷಯ ಯಾರೂ ಎತ್ತಲಿಲ್ಲ. ಇರೋ ನಾಲ್ಕು ಬೇವಿನ ಮರದ ಬುಡದಲ್ಲಿ ಟೈಲ್ಸ್ ಒತ್ತಿಕೊಂಡಿದೆ, ಅದನ್ನ ಬಿಡಿಸಿ ಅಂತ ಮಾಲಿ ಹೇಳಿದ.

ಆಮೇಲೆ ನಲ್ಲಿಗಳ ಹತ್ತಿರ ಬಂದ್ವಿ. ನನ್ನ ವಾಲ್ವಿನ ಅಂಶ ನಾನೇ ಓದಿದೆ, ಸ್ವಲ್ಪ ಹೆಮ್ಮೆಯಿಂದಲೇ. ಯಾರೂ ಮಾತಾಡಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಒಬ್ಬಾಕೆ ಸೆರಗು ಸರಿಮಾಡಿಕೊಂಡು ಹೇಳಿದಳು:

"ಭಾಯಿ ಸಾಹಬ್, ತಪ್ಪು ತಿಳೀಬೇಡಿ. ಆ ಹೊತ್ತಲ್ಲಿ ನಮ್ಮ ಹುಡುಗಿಯರು ಬಾಟ್ಲಿ ತುಂಬಿಸಿಕೊಂಡು ಬರ್ತಾರೆ. ಎರಡೆರಡು ಬಾಟ್ಲಿ. ಸಂಜೆವರೆಗೆ ಮನೇಲಿ ಕುಡಿಯೋಕೆ ಅದೇ ನೀರು. ಟ್ಯಾಂಕರ್ ಬಂದ ದಿನ ಬೇಕಾಗಲ್ಲ. ಬರದ ದಿನ..."

ಅಷ್ಟು ಹೇಳಿ ಸುಮ್ಮನಾದಳು.

ನಾನು 'ಪೋಲು' ಅಂತ ಬರೆಸಿದ್ದ ನೀರು ಅದು. ಟೇಪು ಹಿಡಿದಿದ್ದ ಹುಡುಗಿ ಟ್ಯಾಂಕರ್ ಲೆಕ್ಕ ಕೇಳಿದಾಗಲೇ ನನಗೆ ತಿಳೀಬೇಕಿತ್ತು. ಆ ಅಂಶ ಜಾರಿಯಾಗದೆ ಉಳಿದದ್ದಕ್ಕೆ ಕಾರಣ ನನ್ನ ಬುದ್ಧಿಯಲ್ಲ. ವಾಲ್ವಿನ ಹಿಡಿ ಮುರಿದಿತ್ತು, ರಿಪೇರಿಗೆ ಟೆಂಡರ್ ಆಗಿರಲಿಲ್ಲ. ಸರ್ಕಾರಿ ವಿಳಂಬಕ್ಕೆ ನಾನು ಕೈ ಮುಗಿದದ್ದು ಅದೇ ಮೊದಲು. ಒಳ್ಳೆಯ ಕೆಲಸ ಮಾಡ್ತಿದ್ದೀನಿ ಅಂತ ನಂಬಿಕೊಂಡೇ ನಾನು ಆ ಮಕ್ಕಳ ಮನೆಯ ಕುಡಿಯುವ ನೀರು ನಿಲ್ಲಿಸೋಕೆ ಸಹಿ ಹಾಕಿದ್ದೆ. ಮುಖ ಎತ್ತೋಕೆ ಕಷ್ಟವಾಯ್ತು. ಅಂಶ ಹೊಡೆದು ಹಾಕಿ ಅಂತ ನಾನೇ ಹೇಳಿದೆ. ಅದರ ಜಾಗದಲ್ಲಿ, ಎರಡು ಪಾಳಿಯ ನಡುವೆ ಎರಡು ನಲ್ಲಿ ಬಾಟ್ಲಿ ತುಂಬಿಸೋಕೇ ಇರಲಿ, ಸೋರುವ ಉಳಿದ ನಲ್ಲಿಗಳ ವಾಷರು ಬದಲಾಯಿಸಿ ಅಂತ ಬರೆದ್ವಿ.

ದಫ್ತರದಲ್ಲಿದ್ದಾಗ 'ಜನರ ಸಹಭಾಗಿತ್ವ' ಅನ್ನೋ ಪದ ನನ್ನ ಟಿಪ್ಪಣಿಗಳಲ್ಲಿ ನೂರು ಸಲ ಬಂದಿರಬಹುದು. ಕೊನೆಯ ಪ್ಯಾರಾದಲ್ಲಿ, ಉಪ್ಪಿನಕಾಯಿ ಥರ. ನಾನು ಅಂದುಕೊಂಡಿದ್ದು ಏನಂದ್ರೆ, ಯೋಜನೆ ನಾವು ಮಾಡ್ತೀವಿ, ಆಮೇಲೆ ಜನರಿಗೆ ತಿಳಿಹೇಳಿ ಸಹಕಾರ ತಗೋತೀವಿ ಅಂತ. ಯುರೋಪಿನಲ್ಲಿ 1994ರಲ್ಲಿ ಶುರುವಾದ 'ಈಕೋ ಸ್ಕೂಲ್ಸ್' ಕಾರ್ಯಕ್ರಮದಲ್ಲಿ ಏಳು ಹೆಜ್ಜೆಗಳಿವೆ. ಅದರಲ್ಲಿ ಮೊದಲನೆಯದು ಗಿಡ ನೆಡೋದಲ್ಲ, ಮಕ್ಕಳೂ ಪೋಷಕರೂ ಇರೋ ಸಮಿತಿ ಮಾಡೋದು. ನಮ್ಮ ದಿಲ್ಲಿಯದೇ ಆದ ಸಿಎಸ್ಇ ಸಂಸ್ಥೆಯವರ ಹಸಿರು ಶಾಲೆ ಕಾರ್ಯಕ್ರಮದಲ್ಲೂ ನೀರು, ಗಾಳಿ, ಕಸ, ವಿದ್ಯುತ್ತಿನ ಲೆಕ್ಕ ಮೊದಲು ಮಕ್ಕಳೇ ತೆಗೀತಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಅಕ್ಕನ ಮಗಳು ಹೇಳೋ ಪ್ರಕಾರ, ಅಲ್ಲಿ ಒಂದು ಪ್ರದೇಶದ ಸರ್ಕಾರಿ ಶಾಲೆಗಳೆಲ್ಲಾ ಒಂದು 'ಸ್ಕೂಲ್ ಡಿಸ್ಟ್ರಿಕ್ಟ್' ಕೆಳಗೆ ಬರ್ತವೆ, ಹಣ ಎಲ್ಲಿ ಖರ್ಚಾಗಬೇಕು ಅನ್ನೋ ಯೋಜನೆಗೆ ಪೋಷಕರ ಮಾತು ಕೇಳಲೇಬೇಕು ಅಂತ 2013ರಿಂದ ಕಾನೂನಿದೆ. ನಮ್ಮಲ್ಲಿ ಅದಕ್ಕೂ ಮುಂಚೆಯೇ 22ನೇ ಕಲಮು ಇದೆಯಮ್ಮ ಅಂದೆ. "ಮಾವ, ಇದೆ ಸರಿ, ನಡೆಯುತ್ತಾ?" ಅಂದಳು.

ಮೊದಲೇ ಕೇಳದಿದ್ದರೆ ಏನಾಗುತ್ತೆ ಅನ್ನೋದನ್ನ ನಮ್ಮ ಈ ಭಾಗವೇ ನೋಡಿದೆ. 2018ರ ಜೂನಿನಲ್ಲಿ ಪಕ್ಕದ ಸರೋಜಿನಿ ನಗರ, ನೇತಾಜಿ ನಗರ, ನೌರೋಜಿ ನಗರ ಸೇರಿ ಏಳು ಸರ್ಕಾರಿ ಕಾಲೊನಿಗಳನ್ನ ಹೊಸದಾಗಿ ಕಟ್ಟೋಕೆ 14,000ಕ್ಕೂ ಹೆಚ್ಚು ಮರ ಕಡಿಯುತ್ತಾರೆ ಅಂತ ಸುದ್ದಿಯಾದಾಗ ಜನ ಬೀದಿಗೆ ಬಂದು ಮರ ತಬ್ಬಿಕೊಂಡ್ರು. ಹೈಕೋರ್ಟು ಕಡಿಯೋದನ್ನ ತಡೀತು. ನಕ್ಷೆಗಳನ್ನ ಮತ್ತೆ ನೋಡಬೇಕಾಯ್ತು. ಕಿದ್ವಾಯಿ ನಗರದ ನಾವು ಮಾತ್ರ ಆ ಹೊತ್ತಿಗಾಗಲೇ ಮರ ಕಳೆದುಕೊಂಡಾಗಿತ್ತು. ನಮ್ಮನ್ನ ಯಾರೂ ಕೇಳಲಿಲ್ಲ ಅಂತ ನಾನು ಆಗ ಬಹಳ ಗೊಣಗಿದ್ದೆ. ಅದೇ ನಾನು, ಕೆಲವು ವರ್ಷದ ಮೇಲೆ, ಒಂದು ಶಾಲೆಯ ಹೆಂಗಸರನ್ನ ಕೇಳದೆ ಅವರ ನೀರಿಗೆ ವಾಲ್ವು ಹಾಕಿಸೋಕೆ ಹೊರಟಿದ್ದೆ.

ಎಲ್ಲಾ ಸುಖಾಂತ ಅಂತ ತಿಳೀಬೇಡಿ. ಕಾಲುವೆ ಆಯ್ತು, ಆ ಗಾರೆ ಕೆಲಸದವನೇ ನಿಂತು ಮಾಡಿಸಿದ. ಗುಂಡಿಗೆ ಮರಳು ಜಲ್ಲಿ ಹೊಸದಾಗಿ ತುಂಬಿದ್ರು. ಆಗಸ್ಟಿನ ಮಳೆಗೆ ನೀರು ಒಳಗೆ ಇಳಿಯೋ ಸದ್ದನ್ನ ಮಕ್ಕಳು ಬಗ್ಗಿ ಕೇಳಿಸಿಕೊಂಡ್ರು. ತಾರಸಿಯ ಸುಣ್ಣ ಆಗಲಿಲ್ಲ, ಕಟ್ಟಡ ಇನ್ನೊಂದು ಇಲಾಖೆಯ ಉಸ್ತುವಾರಿ, ಫೈಲು ಹೋಗಿದೆ. ನವೆಂಬರ್‌ನಲ್ಲಿ ಹೊಗೆ ಇಳಿದು, ದಿಲ್ಲಿಯ ಶಾಲೆಗಳೆಲ್ಲಾ ಫೋನಿನಲ್ಲಿ ಪಾಠ ಮಾಡುವ ಹಾಗಾದಾಗ ಭಾನುವಾರದ ಮೀಟಿಂಗುಗಳು ನಿಂತವು. ಶಾಲೆ ಮುಚ್ಚಿದ್ದರಿಂದ ಬಾಟ್ಲಿ ನೀರೂ ನಿಂತಿತು. ಅದು ಯಾವ ಯೋಜನೆಯಲ್ಲೂ ಇರಲಿಲ್ಲ. ಅದನ್ನ ನೆನಪಿಸಿದ್ದೂ ಅದೇ ಹೆಂಗಸು. ಚೌಕಿದಾರನಿಗೆ ಹೇಳಿ ದಿನಕ್ಕೆ ಒಂದು ಗಂಟೆ ಗೇಟು ತೆಗೆಸಿದರು ಮೇಡಂ. ಮುಂದಿನ ವರ್ಷದ ಮರಿ ಯೋಜನೆಯಲ್ಲಿ ಒಂದು ಸಾಲು ಸೇರಿತು: ಶಾಲೆಗೆ ರಜೆ ಕೊಟ್ಟರೂ ನಲ್ಲಿಗೆ ರಜೆ ಇಲ್ಲ.

ಆ ಕಾಗದಕ್ಕೆ ಸಹಿ ಹಾಕುವಾಗ ನಾನು ತಟ್ಟೆ ಕೆಳಗಿಟ್ಟೆ. ಗುಡಿಸುವ ದೀದಿ ಸದಸ್ಯೆಯಲ್ಲ, ನಿಯಮದ ಪ್ರಕಾರ ಅವಳ ಸಹಿ ಬೇಕಾಗಿರಲಿಲ್ಲ. ಮೇಡಂ ಆದರೂ ಕಾಗದವನ್ನ ಅವಳ ಕಡೆ ತಳ್ಳಿದರು. ಅವಳು ಪೆನ್ನು ಹಿಡಿದು ನಿಧಾನವಾಗಿ, ಅಕ್ಷರ ಅಕ್ಷರ ಕೂಡಿಸಿ ಹೆಸರು ಬರೆದಳು. ಬರೆದು, "ಗುಂಡಿ ಮುಚ್ಚಳ ಸ್ವಲ್ಪ ಹಗುರದ್ದು ಹಾಕಿಸಿ ಅಂಕಲ್‌ಜೀ, ಒಬ್ಬಳಿಗೆ ಎತ್ತೋಕಾಗಲ್ಲ" ಅಂದಳು.

ಅದೂ ನಮಗೆ ಹೊಳೆದಿರಲಿಲ್ಲ.

ನಿಮ್ಮೂರಿನ ಶಾಲೆಯಲ್ಲೂ ಇಂಥದೊಂದು ಸಮಿತಿ ಇದ್ದೇ ಇರುತ್ತೆ. ಯೋಜನೆಯ ಪ್ರತಿ ಕೇಳಿ ತಗೊಂಡು ಓದಿ. ಓದಿದ ಮೇಲೆ ಒಂದು ಸಲ ಶಾಲೆ ಗುಡಿಸೋರನ್ನ, ಬಿಸಿಯೂಟ ಬಡಿಸೋರನ್ನ ಮಾತಾಡಿಸಿ ನೋಡಿ. ಅವರು ಏನಂದ್ರು ಅಂತ ನನಗೂ ತಿಳಿಸಿ. ಅಣ್ಣನಿಗೆ ಹೇಳಬೇಕು, ಬೈಸಿಕೊಂಡಿದ್ದೀನಲ್ಲ!